ಲಗ್ನದಾಗ ಉಳಿದ ಅನ್ನ ಎಲ್ಲಿಗೆ ಹೋಗ್ಬೇಕು? ವಿಜಯಪುರಕ್ಕ ಒಂದು ಫುಡ್ ಬ್ಯಾಂಕ್ ಬೇಕಲ್ರಿ?

ಗುಮ್ಮಟದೂರ ಹುಡುಗ
ನಿನ್ನೆ ಸೋಲಾಪುರ ರೋಡ್ ಕಡೆ ಒಂದು ಲಗ್ನಕ್ಕ ಹೋಗಿದ್ದೆ. ಊಟ ಮುಗಿಸಿ ಕೈ ತೊಳಿಯಾಕ ಹಿಂದ ಹೋದ್ರ ಎರಡು ದೊಡ್ಡ ಪಾತ್ರೆ ತುಂಬ ಬಿಳಿ ಅನ್ನ, ಸೌಟ ಸೈತ ಹಾಕಿಲ್ಲ ಅದಕ್ಕ, ಅರ್ಧ ಹಂಡೆ ಗೋಧಿ ಹುಗ್ಗಿ, ಬದನಿಕಾಯಿ ಪಲ್ಯ, ಎಲ್ಲಾ ಟ್ರ್ಯಾಕ್ಟರ್ ಟ್ರೇಲರ್‌ಗೆ ಸುರಿಯಾಕತ್ತಿದ್ರು. ಬಾಜೂಕ ಒಬ್ಬಾಕಿ ಅಜ್ಜಿ ಸಣ್ಣ ಡಬ್ಬಿ ಹಿಡಕೊಂಡು ನಿಂತಿದ್ಲು, ಆಕಿಗೆ ಹಾಕಿ ಕೊಟ್ರು, ಆದ್ರ ಆಕಿ ಒಬ್ಬಾಕಿ ಎಷ್ಟು ಒಯ್ತಾಳ? ರಾತ್ರಿ ನಿದ್ದಿ ಬರಲಿಲ್ಲ ನನಗ. ಬಸ್ ಸ್ಟ್ಯಾಂಡ್ ಹತ್ರ ಒಂದು ದೊಡ್ಡ ಫ್ರಿಜ್ ಇಟ್ಟು, ಉಳದ ಊಟ ಕೂಡಿಸಿ ಹಸದವ್ರಿಗೆ ಕೊಡೂ ಫುಡ್ ಬ್ಯಾಂಕ್ ಚಾಲೂ ಮಾಡೋಣ ಅಂತೀನಿ, ಯಾರ್ ಯಾರು ಕೂಡ್ತೀರಿ ಹೇಳ್ರಿ.

ಹೈನದ ಮನಿ
ಇದಕ್ಯಾಕ ಬ್ಯಾಂಕು ಫ್ರಿಜ್ಜು ಅಂತ ಇಷ್ಟು ಖರ್ಚು, ಊರ ಸುತ್ತ ಎಮ್ಮಿ ಆಕಳ ಇಟ್ಟವ್ರು ಎಷ್ಟು ಮಂದಿ ಅದಾರ, ಫೋನ್ ಮಾಡಿದ್ರ ಬಂದು ಒಯ್ತಾರ. ಹಿಂದಿನಿಂದ ಮುಸುರಿ ದನಕ್ಕ ಹಾಕ್ಕೊಂತ ಬಂದೀವಿ ನಾವು.

ತಿಕೋಟಾ ರೈತ
ಅಣ್ಣಾ ದಯಮಾಡಿ ಅದನ್ನ ಯಾರಿಗೂ ಹೇಳಬ್ಯಾಡ್ರಿ. ಮನಿ ಮುಸುರಿ ಬ್ಯಾರೆ, ಲಗ್ನದ ಅನ್ನ ಬ್ಯಾರೆ. ನಮ್ಮ ಬೀಗರ ಮನಿ ಲಗ್ನ ಆದ ಮ್ಯಾಲ ಉಳದ ಅನ್ನ ಹುಗ್ಗಿ ತಂದು ಎಮ್ಮಿ ಮುಂದ ಇಟ್ಟಿದ್ವಿ, ಗಬಗಬ ತಿಂತು, ಮರುದಿನ ಮುಂಜಾನೆ ಏಳಲಿಲ್ಲ, ಮೆಲಕ ಹಾಕಲಿಲ್ಲ, ಡಾಕ್ಟರು ಬರೂದರಾಗ ಸತ್ತುಹೋತು. ಆಮ್ಯಾಲ ಅವ್ರು ಕುಂದ್ರಿಸಿ ತಿಳಿಸಿ ಹೇಳಿದ್ರು, ಕಣಕಿ ಮೇವು ತಿನ್ನೂ ಹೊಟ್ಟಿಗೆ ಒಮ್ಮೆಲೆ ಅಷ್ಟು ಅನ್ನ, ಸಕ್ರಿ ಹೋದ್ರ ಒಳಗ ಹುಳಿ ಎದ್ದು ಆಮ್ಲ ಏರತೈತಿ, ಅದಕ್ಕ ಆಸಿಡೋಸಿಸ್ ಅಂತಾರಂತ, ರಕ್ತಕ್ಕೂ ಏರಿ ಜೀವ ತಗೀತೈತಿ. ದಿನಾ ಹಾಲ ಕೊಡೂ ಎಮ್ಮಿ ಅದು. ಈಗೂ ಆ ಗೂಟ ನೋಡಿದ್ರ ಸಂಕಟ ಆಗ್ತೈತಿ.

ಹೈನದ ಮನಿ
ಇದು ನನಗ ಗೊತ್ತಿರಲಿಲ್ಲರಿ. ನಾವು ಸ್ವಲ್ಪ ಸ್ವಲ್ಪನ ಹಾಕ್ತಿದ್ವಿ, ಅದಕ್ಕ ಉಳದಾವೇನೋ. ನನ್ನ ಮಾತು ವಾಪಸ್ ತಗೋತೀನಿ.

ನೇರ ಮಾತು ಬೆಳಗಾವಿ
ಫುಡ್ ಬ್ಯಾಂಕ್ ಅನ್ನೂ ಶಬ್ದ ಕೇಳಾಕ ಚಂದ ಐತಿ ಆದ್ರ ನನಗ ಎರಡು ತಕರಾರು ಅದಾವ. ಒಂದು, ಮುಂಜಾನೆ 10ಕ್ಕ ಬೆಂದ ಅನ್ನ ಸಂಜಿ 5ರ ತನಕ ಮಂಟಪದ ಹಿಂದ ಬಿಸಲಾಗ ಕುಂತಿರ್ತೈತಿ, ಆಮ್ಯಾಲ ಅದನ್ನ ಫ್ರಿಜ್‌ನಾಗ ಇಟ್ರ ಏನ್ ಉಪಯೋಗ? ಅನ್ನದಾಗ ಒಂದು ಬ್ಯಾಕ್ಟೀರಿಯಾ ಇರ್ತೈತಿ, ಬ್ಯಾಸಿಲಸ್ ಸೀರಿಯಸ್ ಅಂತ, ಕುದಿಸಿದ್ರೂ ಅದರ ಬೀಜ ಸಾಯಂಗಿಲ್ಲ, ಅನ್ನ ಉಗುರು ಬೆಚ್ಚಗ ಕುಂತಾಗ ಬೆಳದು ವಿಷ ಬಿಡತೈತಿ, ಆ ವಿಷ ಮತ್ತ ಬಿಸಿ ಮಾಡಿದ್ರೂ ಹೋಗಂಗಿಲ್ಲ. 5 ಡಿಗ್ರಿಯಿಂದ 60 ಡಿಗ್ರಿ ನಡುವ ಬೆಂದ ಅಡಗಿ ತಾಸುಗಟ್ಟಲೆ ಇಡಬಾರದು ಅಂತಾರ, ನಮ್ಮ ಏಪ್ರಿಲ್ ಬಿಸಲಾಗ ಕೇಳೂದ ಬ್ಯಾಡ. ನಾಳೆ ನಾಕು ಕೂಸಿಗೆ ವಾಂತಿ ಬೇಧಿ ಆದ್ರ ಯಾರು ಹೊಣೆ? ಎರಡನೇದು, ನಾವು ಉಂಡು ಉಳಿಸಿದ್ದು ಬಡವರಿಗೆ ಅನ್ನೂದ ನನಗ ಸರಿ ಅನಸಂಗಿಲ್ಲ. ನಮ್ಮ ಮಠದ ದಾಸೋಹದಾಗ ಹಂಗಿಲ್ಲ ನೋಡ್ರಿ, ಶ್ರೀಮಂತನೂ ಭಿಕ್ಷುಕನೂ ಒಂದ ಸಾಲಿನಾಗ ಕುಂತು ಅದ ಬಿಸಿ ಹುಗ್ಗಿ ಉಣ್ತಾರ.

ಪಿಎಸ್ಐ ತಯಾರಿ
ಸರ್ ಎರಡನೇ ಮಾತಿಗೆ ನಾ ಉತ್ತರ ಹೇಳ್ತೀನಿ. ನಾ ಕೋಚಿಂಗ್‌ಗೆ ಅಂತ ಬಿಜಾಪುರದಾಗ ಬಾಡಿಗಿ ರೂಮ್ ಮಾಡಿ ಎರಡು ವರ್ಷ ಆತು, ನನ್ನಂಗ ಭಾಳ ಮಂದಿ ಅದಾರ ಇಲ್ಲಿ. ತಿಂಗಳ ಕಡೀ ವಾರ ಮೆಸ್‌ಗೆ ರೊಕ್ಕ ಇರಂಗಿಲ್ಲ, ಊರಿಂದ ತಂದ ಕಟಕ ರೊಟ್ಟಿ ಶೇಂಗಾ ಚಟ್ನಿ ಮ್ಯಾಲ ದಿನ ತಗೀತೀವಿ. ಯಾರೂ ಮುಟ್ಟದ ಬಿಸಿ ಅನ್ನ ಸಾರು ಮಧ್ಯಾಹ್ನ ಎರಡಕ್ಕ ಬಂತು ಅಂದ್ರ ಅದು ನಮಗ ಅವಮಾನ ಅಲ್ಲರಿ. ಎಂಜಲ ಬ್ಯಾರೆ, ಪಾತ್ರೆಯೊಳಗ ಉಳದಿದ್ದು ಬ್ಯಾರೆ. ಹೆಂಗ ಕೊಡ್ತೀರಿ ಅನ್ನೂದರ ಮ್ಯಾಲ ಐತಿ ಅವಮಾನ, ಫೋಟೋ ತೆಗದು ಸ್ಟೇಟಸ್ ಹಾಕಿದ್ರ ನಾ ಬರಂಗಿಲ್ಲ.

ಬಾಗಲಕೋಟಿ ಅಡಗಿ ಮನಿ
ನಾ ಹದಿನೆಂಟು ವರ್ಷದಿಂದ ಕೇಟರಿಂಗ್ ಮಾಡಾಕತ್ತೀನಿ, ಇದರ ಬಗ್ಗೆ ಒಂದೀಟು ಉದ್ದ ಬರೀತೀನಿ ತಪ್ಪ ತಿಳ್ಕೋಬ್ಯಾಡ್ರಿ. ಲಗ್ನದವ್ರು ಬಂದು ಸಾವಿರ ಮಂದಿ ಅಂತಾರ, ಅದ ದಿನ ಊರಾಗ ಇನ್ನ ನಾಕು ಲಗ್ನ ಇರ್ತಾವ, ಬರೋದು ಆರನೂರು. ಕಮ್ಮಿ ಬಿದ್ರ ಬೀಗರ ಮುಂದ ಮರ್ಯಾದಿ ಹೋಗ್ತೈತಿ ಅಂತ ನಮಗ ಮತ್ತ ನೂರು ಮಂದೀದು ಜಾಸ್ತಿ ಮಾಡು ಅಂತಾರ, ಕೊಡೂದು ಅವ್ರ ರೊಕ್ಕ, ನಾವು ಹೂಂ ಅಂತೀವಿ. ಹುಗ್ಗಿ ಒಮ್ಮೆಲೆ ಆಗಬೇಕು, ಅದಕ್ಕ ದಾರಿಯಿಲ್ಲ. ಆದ್ರ ಅನ್ನಕ್ಕ ಐತಿ. ನಾ ಈಗ ಮಾಡೂದು ಏನಂದ್ರ ಅಕ್ಕಿ ಪೂರಾ ಒಲಿ ಮ್ಯಾಲ ಏರಸಂಗಿಲ್ಲ, ಮೂರರಾಗ ಎರಡು ಪಾಲು ಮಾಡಿ ಅಕ್ಕಿಕಾಳು ಬಿದ್ದ ಮ್ಯಾಲ ಎರಡನೇ ಪಂಕ್ತಿ ನೋಡ್ತೀನಿ, ಮಂದಿ ಇದ್ರ ಉಳದದ್ದು ಏರಸ್ತೀನಿ, ಅರ್ಧ ತಾಸಿನ ಕೆಲಸ. ಇಲ್ಲಂದ್ರ ಅಕ್ಕಿ ಚೀಲ ಚೀಲದಂಗ ಯಜಮಾನರ ಮನಿಗೆ ವಾಪಸ್. ಒಣ ಅಕ್ಕಿ ಯಾವ ಬ್ಯಾಂಕಿಗಾದ್ರೂ ಕೊಡ್ರಿ, ಆರು ತಿಂಗಳು ಇರ್ತೈತಿ, ಬೆಂದಿದ್ದು ಆರು ತಾಸೂ ಇರಂಗಿಲ್ಲ.

ಇನ್ನೊಂದು, ಬಡಸೂದು. ನಮ್ಮ ಕಡೆ "ಇನ್ನೊಂದ್ ಹಾಕ್ಕೋರಿ, ನಮ್ಮ ಮನಿ ಊಟ ಸೇರಲಿಲ್ಲೇನು" ಅಂತ ಒತ್ತಾಯ ಮಾಡದಿದ್ರ ಪ್ರೀತಿ ಇಲ್ಲ ಅಂತಾರ. ಬ್ಯಾಡ ಅಂತ ಎಲಿ ಮ್ಯಾಲ ಕೈ ಅಡ್ಡ ಹಿಡದ್ರೂ ಬೆರಳ ಸಂದಿಯಿಂದ ಹುಗ್ಗಿ ಬೀಳ್ತೈತಿ. ಅದು ಎಂಜಲಾದ ಮ್ಯಾಲ ಯಾವ ಬ್ಯಾಂಕಿಗೂ ಬರಂಗಿಲ್ಲ.

ಗುಮ್ಮಟದೂರ ಹುಡುಗ
ಸರ್ ಇದು ಯಾರೂ ಹೇಳಿರಲಿಲ್ಲ ನನಗ. ನಾ ಉಳದ ಮ್ಯಾಲ ಏನ್ ಮಾಡೂದು ಅಂತಷ್ಟ ಯೋಚನೆ ಮಾಡ್ತಿದ್ದೆ.

ಇಳಕಲ್ ಸೀರಿ
ಎಲ್ಲಾರೂ ಲಗ್ನ ಲಗ್ನ ಅನ್ನಾಕತ್ತೀರಿ, ಮನಿ ಬಗ್ಗೆ ಯಾರೂ ಮಾತಾಡವಲ್ರಿ. ವಿಶ್ವಸಂಸ್ಥೆಯ ಪರಿಸರ ವಿಭಾಗದವ್ರು 2024ರಾಗ ಒಂದು ವರದಿ ಕೊಟ್ಟಾರ, 2022ರಾಗ ಜಗತ್ತಿನಾಗ 105 ಕೋಟಿ ಟನ್ ಆಹಾರ ಹಾಳಾಗೈತಿ ಅಂತ, ಅದರಾಗ 63 ಕೋಟಿ ಟನ್ ಮನಿ ಅಡಗಿಮನಿಯಿಂದನ, ಹೋಟೆಲ್ ಕೇಟರಿಂಗ್ ಎಲ್ಲಾ ಕೂಡಿ 29 ಕೋಟಿ. ನಮ್ಮ ದೇಶದಾಗ ಮನಿಯೊಳಗಿಂದ ತಲಿಗೆ ವರ್ಷಕ್ಕ 55 ಕೆಜಿ. ನಾನು ಮೊದಲು ನಂಬಲಿಲ್ಲ, ಆಮ್ಯಾಲ ಒಂದು ವಾರ ನಮ್ಮ ಮನಿ ಡಬ್ಬಿ ನೋಡಿದೆ. ಅನ್ನಕ್ಕಿಂತ ಜಾಸ್ತಿ ಕಾಯಿಪಲ್ಲೆ. ಹತ್ತು ರೂಪಾಯಿಗೆ ಎರಡು ಸೂಡು ಕೊತ್ತಂಬರಿ ಅಂತ ತಂದು ಒಂದು ಫ್ರಿಜ್‌ನಾಗ ಕೊಳೀತೈತಿ. ನಮ್ಮ ಅತ್ತಿಯವ್ರ ಕಾಲಕ್ಕ ಫ್ರಿಜ್ಜ ಇರಲಿಲ್ಲ, ಏನೂ ಹಾಳಾಗ್ತಿರಲಿಲ್ಲ, ಯಾಕಂದ್ರ ಇವತ್ತಿಂದು ಇವತ್ತ ಮುಗೀಬೇಕಿತ್ತು. ರಾತ್ರಿ ಅನ್ನ ಉಳದ್ರ ಮುಂಜಾನೆ ಜ್ವಾಳದ ಹಿಟ್ಟಿಗೆ ಕಲಿಸಿ ಉಳ್ಳಾಗಡ್ಡಿ ಮೆಣಸಿನಕಾಯಿ ಹಾಕಿ ತಾಲಿಪಟ್ಟಿ ತಟ್ಟತಿದ್ರು. ರೊಟ್ಟಿಯಂತೂ ಒಣಗಿಸಿ ಬುಟ್ಟಿಯೊಳಗ ಇಟ್ರ ತಿಂಗಳಗಟ್ಟಲೆ. ಈಗ ನಾ ಅಕ್ಕಿಗೆ ಒಂದ ಗ್ಲಾಸ್ ಗುರ್ತು ಮಾಡೀನಿ, ಮತ್ತ ವಾರಕ್ಕೊಮ್ಮೆ ಫ್ರಿಜ್ ಖಾಲಿ ಆಗೂ ತನಕ ಸಂತಿಗೆ ಹೋಗಂಗಿಲ್ಲ.

ನೇರ ಮಾತು ಬೆಳಗಾವಿ
ಅಕ್ಕಾರ, ಆ 55 ಕೆಜಿಯೊಳಗ ಸಿಪ್ಪಿ, ಎಲುಬು, ಬೀಜ ಎಲ್ಲಾ ಸೇರ್ತಾವ, ಪೂರಾ ತಿನ್ನೂ ಅನ್ನ ಅಂತ ತಿಳ್ಕೊಂಡ್ರ ತಪ್ಪಾಗ್ತೈತಿ. ಆದ್ರ ಕೊತ್ತಂಬರಿ ಮಾತು ನಮ್ಮ ಮನೀದ.

ತಿಕೋಟಾ ರೈತ
ಫುಡ್ ಬ್ಯಾಂಕ್ ಅನ್ನೂದು ಮೊದಲ ಎಲ್ಲಿ ಹುಟ್ಟಿತು ಯಾರಿಗಾದ್ರೂ ಗೊತ್ತೇನ್ರಿ?

ಪಿಎಸ್ಐ ತಯಾರಿ
ಅಮೆರಿಕಾದ ಫೀನಿಕ್ಸ್‌ನಾಗ, 1967, ಜಾನ್ ವ್ಯಾನ್ ಹೆಂಗೆಲ್ ಅನ್ನೂ ಮನಷ್ಯಾ ಶುರು ಮಾಡಿದ್ದು. ಒಬ್ಬಾಕಿ ತಾಯಿ ಅಂಗಡಿಯವ್ರು ಹೊರಗ ಒಗದ ಚಲೋ ಪದಾರ್ಥ ಆರಿಸಿ ಮಕ್ಕಳನ್ನ ಸಾಕ್ತಿದ್ಲು, ರೊಕ್ಕದಂಗ ಇದನ್ನೂ ಇಡೂದು ತಗಿಯೂದು ಮಾಡು ಜಾಗ ಬೇಕು ಅಂತ ಆಕೀನ ಹೇಳಿದ್ಲಂತ. ನಮ್ಮಲ್ಲೂ ಫ್ರಿಜ್ಜಿಲ್ಲದ ನಡೀತೈತಿ, 2014ರಾಗ ದೆಹಲಿಯೊಳಗ ಹುಟ್ಟಿದ ರಾಬಿನ್ ಹುಡ್ ಆರ್ಮಿಯವ್ರು ರೊಕ್ಕನ ಮುಟ್ಟಂಗಿಲ್ಲ, ಹೋಟೆಲ್‌ನಿಂದ ತಗೊಂಡು ಸೀದಾ ಹಂಚತಾರ. ಉಳದ ಆಹಾರ ಹಂಚೂದಕ್ಕ ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐದು 2019ರ ನಿಯಮಾನೂ ಅದಾವ, ನೋಂದಣಿ ಮಾಡಿಸಿ ಲೆಕ್ಕ ಇಡಬೇಕು.

ಬಾಗಲಕೋಟಿ ಅಡಗಿ ಮನಿ
ಹಂಗಾರ ಫ್ರಿಜ್ ಬಿಡ್ರಿ, ಒಂದು ನಂಬರ್ ಇಡ್ರಿ. ಕಡೀ ಪಂಕ್ತಿ ಕುಂತ ಕೂಡ್ಲೆ, ಅಂದ್ರ ಮಧ್ಯಾಹ್ನ ಎರಡರೊಳಗ, ಎಷ್ಟು ಉಳೀತೈತಿ ನಮಗ ಗೊತ್ತಾಗ್ತೈತಿ. ಆಗ ಫೋನ್ ಮಾಡ್ತೀನಿ, ಬಿಸಿ ಇದ್ದಾಗನ ಮುಚ್ಚಿದ ಡಬ್ಬಿಯೊಳಗ ಹಾಕ್ತೀನಿ, ಮಜ್ಜಿಗಿ ಕೋಸಂಬರಿ ಕೊಡಂಗಿಲ್ಲ. ನಾಕರ ಮ್ಯಾಲ ಯಾರ ಕೇಳಿದ್ರೂ ಕೊಡಂಗಿಲ್ಲ. ಮುಂದಿನ ವಾರ ಬಿಜಾಪುರದಾಗನ ನನ್ನ ಎರಡು ಲಗ್ನ ಅದಾವ.

ನೇರ ಮಾತು ಬೆಳಗಾವಿ
ಆ ನಾಕರ ಮಾತು ಗಟ್ಟಿ ಇಟ್ಕೊಂಡ್ರ ನನ್ನ ತಕರಾರು ಅರ್ಧ ಕಮ್ಮಿ ಆತು. ಥರ್ಮಾಮೀಟರ್ ಒಂದು ತಗೋರಿ, ಆ ರೊಕ್ಕ ನಾ ಕೊಡ್ತೀನಿ. 60 ಡಿಗ್ರಿ ಕೆಳಗ ಬಂದಿದ್ದು ಎಷ್ಟೊತ್ತಿಗೆ ಅಂತ ಡಬ್ಬಿ ಮ್ಯಾಲ ಬರೀಬೇಕು.

ಗುಮ್ಮಟದೂರ ಹುಡುಗ
ಬೈಕ್ ಮ್ಯಾಲ ಎರಡು ಡಬ್ಬಿ ಒಯ್ಯಬಹುದು, ಅದಕ್ಕ ಜಾಸ್ತಿ ಆದ್ರ ಆಟೋ ಬೇಕು. ರೂಮಿನ ಹುಡುಗರು ಎಷ್ಟು ಮಂದಿ ಆಗ್ತೀರಿ ತಮ್ಮಾ?

ಪಿಎಸ್ಐ ತಯಾರಿ
ನಮ್ಮ ಓಣಿಯೊಳಗ ನಲವತ್ತು ಮಂದಿ ಸಿಗ್ತೀವಿ ಅಣ್ಣಾ. ತಾಟು ನಾವ ತರ್ತೀವಿ, ತೊಳಿಯೂದೂ ನಾವ. ಆ ಡಬ್ಬಿ ಹಿಡಕೊಂಡು ನಿಂತಿದ್ದ ಅಜ್ಜಿ ಮನಿ ಎಲ್ಲಿ ಅಂತ ಗೊತ್ತಿದ್ರ ಹೇಳ್ರಿ, ಮೊದಲ ಅಲ್ಲಿ ಮುಟ್ಟಿಸಿ ಬರ್ತೀನಿ.