ಅಪ್‌ಡೇಟ್: ಎಕೆಎಂ ಬಿಟ್ಟೆ, ಆದರೆ ಪೂರ್ತಿಯಾಗಿ ಅಲ್ಲ

ಬಿಜಿಎಂಐ ಎಂಬ ಮೊಬೈಲ್ ಶೂಟಿಂಗ್ ಗೇಮ್‌ನ ಎರಾಂಗೆಲ್ ಮ್ಯಾಪ್‌ನಲ್ಲಿ ಎಕೆಎಂ ಮತ್ತು ಎಂ416 ಇವೆರಡರಲ್ಲಿ ಯಾವುದನ್ನು ಮುಖ್ಯ ಗನ್ ಆಗಿ ಇಟ್ಟುಕೊಳ್ಳಬೇಕೆಂದು ಕಳೆದ ತಿಂಗಳು ಕೇಳಿದ್ದೆ. ಹೆಚ್ಚಿನವರು ಎಂ416 ಎಂದಿದ್ದಿರಿ. ಆಗ ನಾನು ಒಪ್ಪಿರಲಿಲ್ಲ.

ಮೊನ್ನೆ ರವಿವಾರ ಪುಣೆಯ ಹಿಂಜವಡಿಯ ನಮ್ಮ ಪಿಜಿಯಲ್ಲಿ ಕುಳಿತು, ಗೇಮ್‌ನೊಳಗಿನ ಟ್ರೇನಿಂಗ್ ಗ್ರೌಂಡ್‌ನ ಒಂದೇ ಗೋಡೆಗೆ ಎರಡರಿಂದಲೂ ತಲಾ ಒಂದು ಮ್ಯಾಗಜೀನ್ ಖಾಲಿ ಮಾಡಿ ನೋಡಿದೆ. ಎಕೆಎಂನ ಗುಂಡಿನ ಗುರುತುಗಳು ಏಣಿ ಹತ್ತಿದಂತೆ ಮೇಲೇರಿದವು. ಪಕ್ಕದಲ್ಲಿದ್ದ ಧಾರವಾಡದ ರೂಮ್‌ಮೇಟ್, "ಆಕಾಶಕ್ಕ ಹೊಡಿಯಾಕತ್ತೀ ಏನಲೇ?" ಎಂದು ನಕ್ಕ.

ಎಕೆಎಂನ 7.62 ಎಂಎಂ ಗುಂಡಿನ ಪೆಟ್ಟು ಎಂ416ನ 5.56ಕ್ಕಿಂತ ಬಲವಾದದ್ದೆಂಬ ನನ್ನ ವಾದ ಸುಳ್ಳಲ್ಲ. ಆದರೆ ಎಕೆಎಂಗೆ ಗ್ರಿಪ್ಪೂ (ಮುಂದಿನ ಹಿಡಿ) ಸ್ಟಾಕೂ (ಹಿಂಬದಿಯ ಭುಜದಾಸರೆ) ಹತ್ತುವುದಿಲ್ಲವಾದ್ದರಿಂದ ಅದರ ರಿಕಾಯಿಲ್ ಅನ್ನು, ಅಂದರೆ ಗುಂಡು ಹಾರಿದಾಗಿನ ಒದೆತವನ್ನು, ನಳಿಕೆಯ ತುದಿಗೆ ಹಾಕುವ ಕಂಪೆನ್ಸೇಟರ್ ಒಂದರಿಂದಲೇ ಹಿಡಿಯಬೇಕಾಗುತ್ತದೆ, ಎಂ416 ಮಾತ್ರ ಈ ಮೂರನ್ನೂ ಹಾಕಿಸಿಕೊಂಡು, ಗುಂಡನ್ನೂ ಹೆಚ್ಚು ವೇಗವಾಗಿ ಹಾರಿಸುತ್ತದೆ. ಎಕ್ಸ್‌ಟೆಂಡೆಡ್ ಮ್ಯಾಗಜೀನ್ ಹಾಕಿದರೆ ಎರಡರಲ್ಲೂ 30ರ ಬದಲು 40 ಗುಂಡುಗಳು, ಅಲ್ಲಿ ವ್ಯತ್ಯಾಸವಿಲ್ಲ.

ಹಾಗಾಗಿ ಈ ಮ್ಯಾಪ್‌ನ ಪೊಚಿಂಕಿ ಊರಿನಲ್ಲಿ ಇಳಿದೊಡನೆ, ಕೈಯಲ್ಲಿ ಗನ್ನಿಗೆ ಜೋಡಿಸುವ ಇಂಥ ಒಂದೂ ಅಟ್ಯಾಚ್‌ಮೆಂಟ್ ಇಲ್ಲದೆ ಮನೆಯೊಳಗೇ ಎದುರಾಳಿ ಸಿಕ್ಕಾಗ ಇಂದಿಗೂ ಎಕೆಎಂ ಎತ್ತಿಕೊಳ್ಳುತ್ತೇನೆ. ಸಾಮಾನು ಕೂಡಿದ ಮೇಲೆ ಎಂ416. ಆರು ಪಟ್ಟು ಹತ್ತಿರ ತೋರಿಸುವ 6ಎಕ್ಸ್ ಸ್ಕೋಪ್ ಹಾಕಿದಾಗ ಮಾತ್ರ ಅದೂ ಇನ್ನೂ ನನ್ನ ಕೈ ಮೀರುತ್ತಿದೆ.