ಆಫ್ರಿಕಾದ ಸ್ತ್ರೀವಾದ: ಓದು ಎಲ್ಲಿಂದ ಶುರು, ಪದಗಳಿಗೆ ಕನ್ನಡ ಏನು?

ಹೇಮಾವತಿ ದಂಡೆ, ಹಾಸನ

ಹಾಸನದಲ್ಲಿ ಹನ್ನೆರಡು ಜನರ ಓದುಗುಂಪು ನಮ್ಮದು. ಭಾನುವಾರ ಎರಡೆರಡು ಗಂಟೆಯಂತೆ ನಾಲ್ಕು ವಾರ ಆಫ್ರಿಕಾದ ಸ್ತ್ರೀವಾದಿ ಚಿಂತನೆ ಓದಬೇಕೆಂದಿದ್ದೇವೆ. ಇಂಗ್ಲಿಷಿನಲ್ಲಿ ಓದುವವರು ನಾಲ್ಕೇ ಜನ, ಉಳಿದವರಿಗೆ ಕನ್ನಡದಲ್ಲಿ ಹೇಳಬೇಕು. ಯಾವುದು ಮೊದಲು? ‘ಫೀಮೇಲ್ ಹಸ್ಬೆಂಡ್’, ‘ನೆಗೊ ಫೆಮಿನಿಸಂ’ ಇವಕ್ಕೆ ಕನ್ನಡದಲ್ಲಿ ಏನನ್ನಬೇಕು?

ಗಿರಿ ತಪ್ಪಲು, ಚಿಕ್ಕಮಗಳೂರು

ಸಿದ್ಧಾಂತ ಆಮೇಲೆ ಮೇಡಂ. ಮೊದಲ ವಾರ 1929ರ ಹೆಂಗಸರ ಯುದ್ಧ ಇಟ್ಟುಕೊಳ್ಳಿ. ಆಗ್ನೇಯ ನೈಜೀರಿಯಾದ ಗಂಡಸರ ಮೇಲೆ ಬ್ರಿಟಿಷರು ಆಗಲೇ ಕಂದಾಯ ಹಾಕಿದ್ದರು. ಆ ನವೆಂಬರಿನಲ್ಲಿ ಒಲೊಕೊ ಎಂಬ ಊರಿನ ನ್ವಾನ್ಯೆರುವಾ ಅವರ ಮನೆಗೆ ಒಬ್ಬ ಬಂದು ಆಡು, ಕುರಿ, ಜನ ಎಷ್ಟೆಂದು ಲೆಕ್ಕ ಕೇಳಿದ. ಎಣಿಕೆ ಬಂತೆಂದರೆ ಹಿಂದೆಯೇ ಕಂದಾಯ ಎಂದು ಹೆಂಗಸರಿಗೆ ಗೊತ್ತಿತ್ತು. ತಾಳೆಎಣ್ಣೆಯ ಬೆಲೆ ಬೇರೆ ಬಿದ್ದಿತ್ತು. ಸಾವಿರಾರು ಹೆಂಗಸರು ಎದ್ದರು. ಗುಂಡೇಟಿಗೆ ಐವತ್ತಕ್ಕೂ ಹೆಚ್ಚು ಜನ ಸತ್ತರು. ಸರ್ಕಾರ ಇದನ್ನು ‘ಆಬಾ ದಂಗೆ’ ಎಂದು ಕರೆಯಿತು, ಅಲ್ಲಿನ ಇಗ್ಬೊ ಸಮುದಾಯದ ಹೆಂಗಸರು ‘ಯುದ್ಧ’ ಎಂದರು. ಯಾರ ಹೆಸರನ್ನು ಬಳಸುತ್ತೇವೆ ಎಂಬುದರ ಮೇಲೇ ಒಂದು ಗಂಟೆ ಮಾತಾಡಬಹುದು.

ಇಗ್ಬೊ ಹೆಂಗಸರ ಹಳೆಯ ಪದ್ಧತಿಯೊಂದನ್ನು ಬಿಡಬೇಡಿ. ಹೆಂಡತಿಯನ್ನು ಹಿಂಸಿಸಿದವನ, ಸಂತೆಯ ಕಟ್ಟಳೆ ಮುರಿದವನ, ದನ ಬಿಟ್ಟು ಹೆಂಗಸರ ಬೆಳೆ ಮೇಯಿಸಿದವನ ಮನೆಯ ಮುಂದೆ ಎಲ್ಲರೂ ಸೇರಿ, ಅವನ ತಪ್ಪನ್ನು ಹಾಡಿ ಕುಣಿದು, ಒನಕೆಯಿಂದ ಗೋಡೆ ಬಡಿಯುತ್ತಿದ್ದರು. ಅವನು ತಪ್ಪೊಪ್ಪುವವರೆಗೂ ಬಿಡುತ್ತಿರಲಿಲ್ಲ. ಒನಕೆ ಎಂದೊಡನೆ ಗುಂಪಿನವರಿಗೆ ಓಬವ್ವ ನೆನಪಾಗುತ್ತಾಳೆ, ಅಲ್ಲಿ ತಡೆಯಿರಿ. ಓಬವ್ವ ಹೊರಗಿನ ಶತ್ರುವಿಗೆ ಎದುರಾದವಳು, ಇದು ತಮ್ಮೂರಿನ ಗಂಡಸಿಗೇ ಹಾಕುವ ದಂಡ.

ಬೇಲೂರು ರಸ್ತೆ

ಪದಗಳ ಬಗ್ಗೆ. ನೈಜೀರಿಯಾದ ಮಾನವಶಾಸ್ತ್ರಜ್ಞೆ ಇಫಿ ಅಮಾಡಿಯುಮೆ 1987ರಲ್ಲಿ ನೊಬಿ ಎಂಬ ಇಗ್ಬೊ ಊರಿನ ಬಗ್ಗೆ ಬರೆದ ‘ಫೀಮೇಲ್ ಹಸ್ಬೆಂಡ್’ ಅನ್ನು ‘ಹೆಣ್ಣುಗಂಡ’ ಎಂದೇ ಇಡಿ. ವಿವರಿಸಲು ನಮ್ಮ ಹಳೆಯ ಮಾತು ‘ತೆರ’ ಇದೆ, ಅಂದರೆ ಮದುವೆಗೆ ಹೆಣ್ಣಿನ ಕಡೆಯವರಿಗೆ ಕೊಡುವ ಹಣ: ಅನುಕೂಲಸ್ಥ ಹೆಂಗಸು ತೆರ ಕೊಟ್ಟು ಮತ್ತೊಬ್ಬಳನ್ನು ಹೆಂಡತಿಯಾಗಿ ತರುತ್ತಾಳೆ, ಹುಟ್ಟುವ ಮಕ್ಕಳು ತೆರ ಕೊಟ್ಟವಳ ಕಡೆಗೆ ಸೇರುತ್ತಾರೆ. ವರದಕ್ಷಿಣೆ ಎಂದರೆ ಅರ್ಥ ತಲೆಕೆಳಗಾಗುತ್ತದೆ. ಇದನ್ನು ಸಲಿಂಗ ದಾಂಪತ್ಯವೆಂದು ಓದುವುದನ್ನು ಅಮಾಡಿಯುಮೆ ಒಪ್ಪಿಲ್ಲ. ತೆರ ಕೊಟ್ಟವಳಿಗೆ ಸ್ಥಾನ ಸಿಕ್ಕಿತು, ತೆರಕ್ಕೆ ಬಂದವಳಿಗೆ ಏನು ಸಿಕ್ಕಿತು ಎಂದು ಗುಂಪಿನಲ್ಲಿ ಕೇಳಲೇಬೇಕು.

ಒಬಿಯೋಮ ನ್ನಾಎಮೆಕ 2004ರಲ್ಲಿ ವಿವರಿಸಿದ ‘ನೆಗೊ’ದಲ್ಲಿ ಎರಡು ಅರ್ಥವಿದೆ, ‘ನೆಗೋಶಿಯೇಶನ್’ ಅಂದರೆ ಸಂಧಾನ ಮತ್ತು ‘ನೋ ಈಗೊ’ ಅಂದರೆ ‘ನಾನು’ ಬಿಡುವುದು. ‘ಹೊಂದಾಣಿಕೆ’ ಎಂದು ಮಾತ್ರ ಬರೆಯಬೇಡಿ. ‘ಹೊಂದಿಕೊಂಡು ಹೋಗಮ್ಮ’ ಎಂದು ಕೇಳಿ ಬೆಳೆದ ಕಿವಿಗೆ ಅದು ಶರಣಾಗತಿಯಂತೆ ಕೇಳುತ್ತದೆ. ಅವರು ಹೇಳುವುದು ಬೇರೆ: ಪಿತೃಪ್ರಾಧಾನ್ಯ ಹೂತಿಟ್ಟ ನೆಲಬಾಂಬನ್ನು ಎಲ್ಲಿ ಸಿಡಿಸಬೇಕು, ಎಲ್ಲಿ ಬಳಸಿ ದಾಟಬೇಕು ಎಂಬ ತಿಳಿವಳಿಕೆ. ‘ಸಂಧಾನ ಸ್ತ್ರೀವಾದ’ ವಾಸಿ.

ಗಿರಿ ತಪ್ಪಲು, ಚಿಕ್ಕಮಗಳೂರು

ಮೂರನೇ ವಾರಕ್ಕೆ ಓಯೆರೊಂಕೆ ಓಯೆವುಮಿ ಅವರ 1997ರ ವಾದ. ನೈಜೀರಿಯಾದ ಇನ್ನೊಂದು ಸಮುದಾಯ ಯೊರುಬಾ; ಅವರ ಹಳೆಯ ಸಮಾಜ ನಡೆದದ್ದು ಗಂಡು–ಹೆಣ್ಣಿನ ಮೇಲಲ್ಲ, ಹಿರಿತನದ ಮೇಲೆ ಎನ್ನುತ್ತಾರೆ. ನಾವು ಅಣ್ಣ–ಅಕ್ಕ, ತಮ್ಮ–ತಂಗಿ ಎಂದು ಬೇರೆ ಮಾಡುತ್ತೇವೆ. ಯೊರುಬಾ ಭಾಷೆಯಲ್ಲಿ ಹಿರಿಯರಿಗೆ ಎಗ್ಬೊನ್, ಕಿರಿಯರಿಗೆ ಅಬುರೊ, ಅಷ್ಟೇ. ಇದಕ್ಕೆ ಬಿಬಿ ಬಕಾರೆ-ಯೂಸುಫ್ ಅವರ ಆಕ್ಷೇಪವನ್ನೂ ಜೊತೆಗೇ ಓದಿ: ಭಾಷೆಯಲ್ಲಿ ಭೇದ ಕಾಣದಿದ್ದರೆ ಬದುಕಿನಲ್ಲೂ ಇಲ್ಲವೆಂದಲ್ಲ. ‘ಅವರು ಬಂದರು’ ಎಂಬಲ್ಲಿ ಗಂಡೋ ಹೆಣ್ಣೋ ತಿಳಿಯುವುದಿಲ್ಲ, ಹಾಗೆಂದು ಕನ್ನಡದ ಮನೆಗಳಲ್ಲಿ ತಾರತಮ್ಯ ಇಲ್ಲವೇ?

ಇಲ್ಲಿಯವರೆಗೆ ಹೇಳಿದ್ದೆಲ್ಲ ನೈಜೀರಿಯಾವೇ. ಅದನ್ನೇ ಇಡೀ ಆಫ್ರಿಕಾ ಎಂದುಕೊಂಡರೆ ಓದು ಕೆಡುತ್ತದೆ. ಕೊನೆಯ ವಾರ ಉಗಾಂಡಾದ ಕಾನೂನು ವಿದ್ವಾಂಸೆ ಸಿಲ್ವಿಯಾ ತಮಾಲೆ ಅವರ ಬರಹ ಸೇರಿಸಿ.

ಹೇಮಾವತಿ ದಂಡೆ, ಹಾಸನ

ತುಂಬ ಉಪಕಾರ. ದುಡ್ಡು ಕೊಡದೆ ಸಿಗುವ ಬರಹ ಇದೆಯೇ?

ಬೇಲೂರು ರಸ್ತೆ

ಇದೆ. ಕೇಪ್‌ಟೌನ್ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಶುರುವಾದ ‘ಫೆಮಿನಿಸ್ಟ್ ಆಫ್ರಿಕಾ’ ಪತ್ರಿಕೆಯ ಸಂಚಿಕೆಗಳು ಅಂತರ್ಜಾಲದಲ್ಲಿ ಉಚಿತ. 2006ರಲ್ಲಿ ಘಾನಾದ ಅಕ್ರಾದಲ್ಲಿ ನೂರಕ್ಕೂ ಹೆಚ್ಚು ಜನ ಸೇರಿ ರೂಪಿಸಿದ ಆಫ್ರಿಕಾ ಸ್ತ್ರೀವಾದಿಗಳ ಸನ್ನದೂ ಹಾಗೆಯೇ ಸಿಗುತ್ತದೆ. ಆದರೆ-ಗೀದರೆ ಸೇರಿಸದೆ ನಾವು ಸ್ತ್ರೀವಾದಿಗಳು ಎನ್ನುವ ಭಾಗವನ್ನು ಇಂಗ್ಲಿಷ್ ಬಲ್ಲ ನಾಲ್ವರೂ ಬೇರೆ ಬೇರೆಯಾಗಿ ಕನ್ನಡಕ್ಕೆ ತಂದು, ಎಲ್ಲರ ಮುಂದೆ ಓದಿ ಹೋಲಿಸಿ.