ಐಟಿಆರ್-ವಿ ಅಂಚೆಗೆ ಹಾಕಿ 22 ದಿನ: ಇನ್ನೂ ಕಾಯಬೇಕೇ?

ಪ್ರಶ್ನೆ (ಉಡುಪಿ):
ನಿವೃತ್ತರಾದ ನನ್ನ ತಂದೆಯವರ ಆದಾಯ ತೆರಿಗೆ ರಿಟರ್ನ್ ಅನ್ನು ಆನ್‌ಲೈನ್‌ನಲ್ಲಿ ಸಲ್ಲಿಸಿದ ದಿನವೇ, ಅವರ ಆಧಾರ್‌ಗೆ ಮೊಬೈಲ್ ಸಂಖ್ಯೆ ಜೋಡಣೆಯಾಗಿರದೆ ಒಟಿಪಿ ಮೂಲಕ ದೃಢೀಕರಿಸಲಾಗದ ಕಾರಣ, ಸಹಿ ಮಾಡಿದ ಐಟಿಆರ್-ವಿ (ರಿಟರ್ನ್ ದೃಢೀಕರಣ ಪತ್ರ) ಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಬೆಂಗಳೂರಿನ ಆದಾಯ ತೆರಿಗೆ ಇಲಾಖೆಯ ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೆ ಕಳುಹಿಸಿದ್ದೆ. ಪೋರ್ಟಲ್‌ನಲ್ಲಿ ಇಂದಿಗೂ ದೃಢೀಕರಣ ಬಾಕಿ ಎಂದೇ ಕಾಣುತ್ತಿದೆ. ರೀಫಂಡ್ ಕೂಡ ಬರಬೇಕಿದೆ.

ಉತ್ತರ 1 (ಮಂಗಳೂರು):
ಕಾಯುತ್ತ ಕೂರಬೇಡಿ. ರಿಟರ್ನ್ ಸಲ್ಲಿಸಿದ 30 ದಿನಗಳೊಳಗೆ ದೃಢೀಕರಣ ಮುಗಿಯಬೇಕು. 2024ರ ಅಧಿಸೂಚನೆಯ ಪ್ರಕಾರ ಲೆಕ್ಕಕ್ಕೆ ಬರುವುದು ನೀವು ಅಂಚೆಗೆ ಹಾಕಿದ ದಿನವಲ್ಲ, ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೆ ಪ್ರತಿ ತಲುಪಿದ ದಿನ. ಅವಧಿ ಮೀರಿದರೆ ದೃಢೀಕರಣದ ದಿನವೇ ಸಲ್ಲಿಕೆಯ ದಿನವೆನಿಸಿಕೊಳ್ಳುವುದರಿಂದ, ಅಷ್ಟರಲ್ಲಿ ಕೊನೆಯ ದಿನಾಂಕ ಕಳೆದಿದ್ದರೆ ವಿಳಂಬ ಶುಲ್ಕವೂ ಬೀಳಬಹುದು. ಆಧಾರ್ ಒಂದೇ ದಾರಿಯಲ್ಲ; ತಂದೆಯವರ ಬ್ಯಾಂಕ್ ಖಾತೆ ಪೋರ್ಟಲ್‌ನಲ್ಲಿ ಮೊದಲೇ ಮಾನ್ಯವಾಗಿದ್ದರೆ ಅದರ ಮೂಲಕ ಇವಿಸಿ (ಎಲೆಕ್ಟ್ರಾನಿಕ್ ದೃಢೀಕರಣ ಸಂಕೇತ) ಪಡೆದು ಇಂದೇ ಇ-ದೃಢೀಕರಣ ಮಾಡಬಹುದು. ಕಾಗದ ಅಂಚೆಯಲ್ಲಿದೆ ಎಂಬುದು ಅದಕ್ಕೆ ಅಡ್ಡಿಯಲ್ಲ.

ಉತ್ತರ 2 (ಮಣಿಪಾಲ):
ಮೇಲಿನ ಮಾತು ಸರಿ. ಆದರೂ ಸ್ಪೀಡ್ ಪೋಸ್ಟ್ ರಸೀದಿಯನ್ನು ಎಸೆಯಬೇಡಿ (ನಾನೊಮ್ಮೆ ಎಸೆದು ಪರದಾಡಿದ್ದೇನೆ). ಅದರ ಸಂಖ್ಯೆಯಿಂದ ಲಕೋಟೆ ಎಲ್ಲಿದೆಯೆಂದು ನೋಡಬಹುದು, ಮತ್ತು 30 ದಿನ ದಾಟಿದರೆ ವಿಳಂಬ ಮನ್ನಾ ಮಾಡುವಂತೆ ಪೋರ್ಟಲ್‌ನಲ್ಲಿ ಕೋರುವಾಗ ಕಾರಣ ವಿವರಿಸಲು ಅದೇ ಪುರಾವೆ. ದೃಢೀಕರಣವಾಗದ ರಿಟರ್ನ್ ಸಂಸ್ಕರಣೆಗೇ ಹೋಗುವುದಿಲ್ಲ, ಆದ್ದರಿಂದ ರೀಫಂಡ್ ಚಿಂತೆ ಆಮೇಲೆ.

ಪ್ರಶ್ನೆ ಕೇಳಿದವರು:
ಬ್ಯಾಂಕ್ ಖಾತೆಯ ಮೂಲಕ ಐದು ನಿಮಿಷದಲ್ಲಿ ದೃಢೀಕರಣವಾಯಿತು. ಲಕೋಟೆ ಇನ್ನೂ ದಾರಿಯಲ್ಲೇ ಇದೆ.